ಎಡದ ದಾರ, ಬಲದ ದಾರ

ನಾನು ಓದುತ್ತಿದ್ದುದು ಸ್ನಾಯುಗಳ ಶಾಸ್ತ್ರ. ಸ್ನಾಯು ಹೇಗೆ ಬಿಗಿಯುತ್ತದೆ, ಹೇಗೆ ದಣಿಯುತ್ತದೆ, ಕೆಲಸವಿಲ್ಲದೆ ಬಿದ್ದಿದ್ದರೆ ಹೇಗೆ ಕರಗುತ್ತದೆ, ಮತ್ತೆ ಕೆಲಸ ಕೊಟ್ಟರೆ ಹೇಗೆ ಮರಳಿ ಬರುತ್ತದೆ ಎಂಬುದು ಅದರ ವಿಷಯ. ನಮ್ಮೂರು ತಿಕೋಂಡಿಯಲ್ಲಿ ಇದನ್ನು ಹೇಳುವುದು ಸುಲಭವಿರಲಿಲ್ಲ. ಸ್ನಾಯು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಖಂಡ, ಅಂದರೆ ಮಾಂಸ, ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಆದರೆ ಲಿಂಗ ಕಟ್ಟಿಕೊಂಡ ಮನೆಯ ಹುಡುಗಿ ಪುಣೆಗೆ ಹೋಗಿ ಖಂಡದ ಅಭ್ಯಾಸ ಮಾಡುತ್ತಾಳೆಂದು ಹೇಳಲು ಅವ್ವನಿಗೆ ಬಾಯಿ ಬರುತ್ತಿರಲಿಲ್ಲ. ಬಂದವರಿಗೆಲ್ಲ ಅವಳು, "ಡಾಕ್ಟರಕಿ ಕಲೀತಾಳ, ಆದ್ರ ಗುಳಿಗಿ ಕೊಡೂದಿಲ್ಲ" ಎನ್ನುತ್ತಿದ್ದಳು. ಕೇಳಿದವರು ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು.

ಕಪ್ಪೆಗಳ ಸಂಗತಿಯನ್ನು ನಾನು ಮನೆಯಲ್ಲಿ ಹೇಳಿರಲೇ ಇಲ್ಲ. ಕಪ್ಪೆಯ ಮೀನಖಂಡವನ್ನು ಬಿಡಿಸಿ, ವಿದ್ಯುತ್ ಮುಟ್ಟಿಸಿ, ಅದು ಬಿಗಿದಾಗ ಮಸಿ ಹಿಡಿಸಿದ ಕಾಗದದ ಮೇಲೆ ಮೂಡುವ ಗೆರೆಯನ್ನು ನೋಡುವುದರಲ್ಲಿ ನನ್ನ ಎರಡು ವರ್ಷ ಕಳೆದಿದ್ದವು. ಎಂ.ಎಸ್ಸಿ. ಮುಗಿದ ಮೇಲೆ ನನ್ನ ಮಾರ್ಗದರ್ಶಕರು, ಕಪ್ಪೆ ಸಾಕು, ಇನ್ನು ಮನುಷ್ಯರನ್ನು ನೋಡು ಎಂದರು. ಮೂಳೆ ಮುರಿದು ಪ್ಲಾಸ್ಟರಿನಲ್ಲಿ ಮಲಗಿದವರ ಕಾಲು ಎಷ್ಟು ಸೊರಗುತ್ತದೆ, ವ್ಯಾಯಾಮದಿಂದ ಎಷ್ಟು ಕಾಲಕ್ಕೆ ತುಂಬಿಕೊಳ್ಳುತ್ತದೆ ಎಂದು ಅಳೆದು ತರಬೇಕು. ಅದರ ಮೇಲೆ ನನಗೆ ಸಂಶೋಧನೆಯ ಜಾಗ ಸಿಗುವುದೋ ಇಲ್ಲವೋ ತೀರ್ಮಾನವಾಗುತ್ತದೆ. ಉಪಕರಣವೆಂದು ಅವರು ನನಗೆ ಒಂದು ಅಳತೆಪಟ್ಟಿ ಕೊಟ್ಟರು.

ಅದು ಅರವತ್ತರ ದಶಕದ ಕೊನೆಯ ವರ್ಷಗಳಲ್ಲೊಂದು. ಮಳೆಗಾಲದ ಮೊದಲಿಗೆ ಊರಿಗೆ ಬಂದೆ. ಅಪ್ಪ ಪಟ್ಟಿಯನ್ನು ತಿರುಗಿಸಿ ನೋಡಿ, "ಇದು ದರ್ಜಿಯಂವನ ಕಡೀನೂ ಅದ" ಎಂದರು. ಆಮೇಲೆ, "ಕಾಲ ಮುರಕೊಂಡವ್ರು ಬೇಕಾದ್ರ ನಮ್ಮ ಕುರಿಯವ್ರ ಮನಿಗೆ ಹೋಗು. ಮುರದದ್ದು ತೊಡಿ. ನೀ ಹುಡುಗಿ. ವಿಚಾರ ಮಾಡು" ಎಂದು ಕೂಡಿಸಿದರು.

ಅಪ್ಪ ಹೇಳಿದವರು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಕುರುಬರು. ಪ್ರತಿವರ್ಷ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಅವರ ಕುರಿ ನಿಲ್ಲಿಸುತ್ತಿದ್ದರು. ಮನೆಯ ಹಿರಿಯರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ದೀಪಾವಳಿ ಮುಗಿದ ಕೂಡಲೇ ಆ ಮನೆ ಕುರಿ ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೊರಡುತ್ತಿತ್ತು. ಮಳೆ ಬೀಳುವ ಹೊತ್ತಿಗೆ ಮರಳುತ್ತಿತ್ತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನದಿಯ ಕಡೆಯಲ್ಲೇ ಕಾಕಾ ಆಡಿಗೆ ಸೊಪ್ಪು ಕಡಿಯಲು ಜಾಲಿಮರ ಹತ್ತಿ ಬಿದ್ದು ಬಲತೊಡೆಯ ಎಲುಬು ಮುರಿದುಕೊಂಡಿದ್ದರು. ದವಾಖಾನೆಯಲ್ಲಿ ಮೊದಲು ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು, ಆಮೇಲೆ ಸೊಂಟದವರೆಗೆ ಪ್ಲಾಸ್ಟರ್. ಬಿಡಿಸಿಕೊಂಡು ಬರುವಾಗ ಅಲ್ಲಿಯ ಡಾಕ್ಟರು ಮರಾಠಿಯಲ್ಲಿ ಒಂದು ಮಾತು ಹೇಳಿದ್ದರು. ಅದನ್ನು ಕಾಕಾನ ತಮ್ಮ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಊರಿಗೆ ತಂದಿದ್ದ: ಎರಡೂ ಕಾಲು ಸಮ ಆದ ಮೇಲೆ ದೂರ ನಡೆಯಬಹುದು.

ಆ ಮಾತಿನಿಂದಲೇ ಎಲ್ಲ ಶುರುವಾಯಿತು.

ಹಿಂಡು ಹೊರಡುವಾಗ ಹಿರಿಯ ಮುಂದೆ ನಡೆಯುತ್ತಾನೆ. ಕುರಿ ಅವನ ಕೂಗಿಗೆ ಬರುತ್ತವೆ. ಹಿಂದೆ ಕುದುರೆಗಳ ಮೇಲೆ ಪಾತ್ರೆ, ಕಂಬಳಿ, ಕೋಳಿ, ಆಗತಾನೆ ಹುಟ್ಟಿದ ಮರಿಗಳು, ನಡೆಯಲಾರದ ಕೂಸುಗಳು. ನಡೆಯಲಾರದ ಹಿರಿಯನೂ ಆ ಸಾಲಿನಲ್ಲೇ. ಇದಕ್ಕೆ ಅವರು ಕುದುರೆ ಹತ್ತುವುದು ಎನ್ನುವುದಿಲ್ಲ, ಹೇರುವುದು ಎನ್ನುತ್ತಾರೆ. ಹಿರಿಯನನ್ನು ಹೇರಿದರೆ ಮುಂದೆ ನಡೆಯುವವನು ತಮ್ಮ. ಒಂದು ಸುಗ್ಗಿ ಪೂರ್ತಿ ಅವನ ಕೂಗು ಕೇಳಿದ ಕುರಿ ಮರುವರ್ಷ ಹಳೆಯ ಕೂಗಿಗೆ ತಿರುಗಿ ನೋಡುವುದಿಲ್ಲ. ಅದನ್ನು ಯಾರೂ ಕಾಕಾನಿಂದ ಕಿತ್ತುಕೊಳ್ಳಬೇಕಾಗಿರಲಿಲ್ಲ, ಕುರಿಗಳೇ ಬಿಟ್ಟುಬಿಡುತ್ತಿದ್ದವು.

ಇಷ್ಟಾದರೂ ಸುಮ್ಮನಿರಬಹುದಿತ್ತು. ಕಾಕಾ ಸುಮ್ಮನಿರಲಿಲ್ಲ. ಮನೆಗೆ ಬಂದ ದಿನವೇ ದೇವರ ಮುಂದೆ ಕೂತು, ಭಂಡಾರದ ಅರಿಶಿನದಲ್ಲಿ ಕೈಯಿಟ್ಟು, "ದೀವಳಿಗಿ ಹಬ್ಬದೊಳಗ ಎರಡೂ ಕಾಲು ಸಮ ಆದ್ರ ನಾ ಮುಂದ. ಆಗಲಿಲ್ಲ ಅಂದ್ರ ನನ್ನ ಹೇರ್ರಿ" ಎಂದು ಮಾತು ಕೊಟ್ಟಿದ್ದರು. ಭಂಡಾರ ಮುಟ್ಟಿ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ತಿದ್ದುವುದಿಲ್ಲ, ಆಡಿದವರೂ ತಿದ್ದುವುದಿಲ್ಲ.

ನಾನು ಹೋದಾಗ ಅವರು ಜಗುಲಿಯ ಮೇಲೆ ಕಾಲು ಚಾಚಿ ಕೂತು ಉಣ್ಣೆ ಹಿಂಜುತ್ತಿದ್ದರು. ಕಂಬಳಿ ಹೊದ್ದ ಅವರ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ಊರೆಲ್ಲ ಆಯಿ ಎನ್ನುತ್ತಿತ್ತು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದರು ಕಾಕಾ. "ನೀವು ಖಂಡದ ಸಾಲಿ ಕಲ್ತೀರಂತ?"

ಈ ಮನೆಯಲ್ಲಿ ವಿಷಯ ವಿವರಿಸುವ ಅಗತ್ಯ ಬೀಳಲಿಲ್ಲ.

"ಹೌದ್ರಿ ಕಾಕಾ. ನಿಮ್ಮ ಕಾಲಿಗೆ ಮತ್ತ ಖಂಡ ಬರೂಹಂಗ ಮಾಡಬೇಕಂತ ಬಂದೀನಿ."

"ಕುರಿಗೆ ಬರಬೇಕಂದ್ರ ಮೇಸಬೇಕು," ಎಂದಳು ಆಯಿ. "ಇವಗ ಏನ ಮೇಸ್ತಿ?"

"ಮೇಸೂದಲ್ಲ ಆಯಿ. ಕೆಲಸ ಕೊಡಬೇಕು."

"ಹಂಗಾದ್ರ ಚಲೋ ಆತು. ಆರು ತಿಂಗಳಾತು ಇಂವ ಕುಂತು."

ಅಳತೆ ತೆಗೆಯುವ ಪ್ರಶ್ನೆ ಬಂತು. ತೊಡೆಯ ಸುತ್ತಳತೆಯನ್ನು ಮಂಡಿಯಿಂದ ಗೇಣು ಮೇಲೆ ತೆಗೆಯಬೇಕೆಂದು ನನ್ನ ಪುಸ್ತಕ ಹೇಳಿತ್ತು. ತೆಗೆಯುವವರು ಯಾರೆಂದು ಹೇಳಿರಲಿಲ್ಲ. ಪಟ್ಟಿ ಕಾಕುವಿನ ಕೈಗೆ ಕೊಟ್ಟೆ. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ, ಮತ್ತು ಅಂಕಿಯಿರುವ ವಸ್ತುವನ್ನು ಗಂಡನ ಮೈಗೆ ಸುತ್ತುವುದು ಅವರಿಗೆ ಸೇರಲಿಲ್ಲ. ಕೊನೆಗೆ ದಾರದಿಂದ ಅಳೆಯುವುದೆಂದಾಯಿತು. ಕಾಕು ಮಂಡಿಯ ಮೇಲೆ ಗೇಣಿಟ್ಟು ಭಂಡಾರದಿಂದ ಗುರುತು ಹಾಕಿ, ಅಲ್ಲಿ ದಾರ ಸುತ್ತಿ ಕತ್ತರಿಸಿ ನನಗೆ ಕೊಡುವುದು. ನಾನು ಅದನ್ನು ಮನೆಗೆ ಒಯ್ದು ಪಟ್ಟಿಯ ಮೇಲಿಟ್ಟು ಬರೆದುಕೊಳ್ಳುವುದು. ಅವರು ಅಳೆಯುವಷ್ಟು ಹೊತ್ತು ನಾನು ಅಂಗಳದ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ಆ ಮರದ ವಿವರ ನನಗೆ ಇಂದಿಗೂ ಚೆನ್ನಾಗಿ ನೆನಪಿದೆ.

ಮೊದಲ ದಾರ ಉಣ್ಣೆಯದು. ಆ ಮನೆಯಲ್ಲಿ ಬೇರೆ ದಾರವೇ ಇರಲಿಲ್ಲ. ಅದು ಮನೆ ತಲುಪುವಷ್ಟರಲ್ಲಿ ಒಂದು ಉದ್ದ, ಬೆಳಿಗ್ಗೆ ಮಳೆಯ ತೇವದಲ್ಲಿ ಇನ್ನೊಂದು ಉದ್ದ ಆಗಿರುತ್ತಿತ್ತು. ಎರಡನೆಯ ವಾರದಿಂದ ನಾನೇ ಹತ್ತಿಯ ದಾರ ಒಯ್ದೆ. ಕಲಸುಮೇಲೋಗರ ಆಗಬಾರದೆಂದು ಕಾಕು ಬಲಗಾಲಿನ ದಾರವನ್ನು ಭಂಡಾರದಲ್ಲಿ ಅದ್ದಿ ಹಳದಿ ಮಾಡಿದರು. ಎಡಗಾಲಿನದು ಬಿಳಿ. ಎರಡನ್ನೂ ಜೋಡಿಸಿ ಹಿಡಿದರೆ ಯಾರಿಗಾದರೂ ತಿಳಿಯುತ್ತಿತ್ತು: ಮುರಿದ ಕಾಲಿನ ಹಳದಿ ದಾರ ಆ ವಾರ ನಾಲ್ಕು ಬೆರಳು ಗಿಡ್ಡ.

ವ್ಯಾಯಾಮ ಸರಳವಾದದ್ದು. ಎತ್ತರದಲ್ಲಿ ಕೂತು, ಪಾದಕ್ಕೆ ತೂಕದ ಚೀಲ ಕಟ್ಟಿ, ಮಂಡಿ ಪೂರ್ತಿ ನೀಳವಾಗುವವರೆಗೆ ಕಾಲು ಎತ್ತಬೇಕು, ಇಳಿಸಬೇಕು. ತೂಕ ನಿಧಾನವಾಗಿ ಹೆಚ್ಚಿಸಬೇಕು. ನಾನು ಚೀಲ ಹೊಲಿದು ಅದರಲ್ಲಿ ಜೋಳ ತುಂಬಲು ಹೋದೆ. ಕಾಕು ನನ್ನ ಕೈ ಹಿಡಿದರು.

"ಉಣ್ಣೂ ಕಾಳು ಕಾಲಿಗೆ ಕಟ್ತೀರೇನ್ರಿ?"

ಹಳ್ಳದಿಂದ ಉಸುಕು ತಂದು ತುಂಬಿದೆವು.

ಕಾಕಾ ದಿನಾ ಜಗುಲಿಯ ಅಂಚಿಗೆ ಕೂತು ಕಾಲು ಎತ್ತುತ್ತಿದ್ದರು. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಒಬ್ಬರು ಉಸುಕು ಎಲ್ಲಿಗೆ ಸಾಗಿಸುತ್ತಿದ್ದೀರಿ ಎಂದು ಕೇಳಿದರು. ಕಾಕಾ, "ಮ್ಯಾಲಕ" ಎಂದರು. ತಮ್ಮ ಕುದುರೆಗೆ ಹೊಸ ಗಾದಿ ಹೊಲಿಯುತ್ತಿದ್ದ, ಒಳಗೆ ಉಣ್ಣೆ ತುಂಬಿ, ದಪ್ಪನಾಗಿ. ಹೊಲಿಯುವ ಕೆಲಸವನ್ನು ಅಣ್ಣನ ಎದುರಿಗೇ ಕೂತು ಮಾಡುತ್ತಿದ್ದ.

"ಯಾರಿಗಪಾ ಅದು?" ಎಂದು ಕಾಕಾ ಕೇಳಿದರು.

"ಯಾರಿಗೂ ಇಲ್ಲಪಾ ಅಣ್ಣಾ. ಇರಲಿ. ಮೆತ್ತಗ ಇರಲಿ ಅಂತ."

ಅವನು ಕೆಟ್ಟವನಲ್ಲ. ಅಣ್ಣನನ್ನು ದವಾಖಾನೆಗೆ ಹೊತ್ತವನೂ ಅವನೇ. ಆದರೆ ಮುಂದೆ ನಡೆಯುವ ಆಸೆ ಅವನಿಗೂ ಇತ್ತು, ಮತ್ತು ಅಣ್ಣನಿಗೆ ಗಾದಿ ಚುಚ್ಚಬಾರದೆಂಬ ಆಸೆಯೂ ಇತ್ತು. ಒಂದು ದಿನ ಅಣ್ಣನ ಭಾರದ್ದೆಂದು ಅಂದಾಜು ಮಾಡಿದ ಮೂಟೆಯೊಂದನ್ನು ಕುದುರೆಯ ಮೇಲೆ ಹೇರಿ, ರೂಢಿಯಾಗಲೆಂದು ಅಂಗಳದ ಸುತ್ತ ನಡೆಸಿದ. ಬೇವಿನ ಮರ ನೋಡುತ್ತಿದ್ದ ನಾನು ಅದನ್ನೂ ನೋಡಿದೆ. ಕಾಕಾ ಕಾಲು ಎತ್ತುವುದನ್ನು ನಿಲ್ಲಿಸಲಿಲ್ಲ.

ದಾರಗಳು ಹತ್ತಿರವಾಗುತ್ತ ಬಂದವು. ಶ್ರಾವಣ ಮುಗಿಯುವಷ್ಟರಲ್ಲಿ ಅಂತರ ಒಂದು ಬೆರಳಿಗೆ ಇಳಿಯಿತು. ಅಷ್ಟು ಬೇಗ ತುಂಬಿಕೊಂಡ ಕಾಲನ್ನು ನಾನು ಪುಸ್ತಕದಲ್ಲೂ ಓದಿರಲಿಲ್ಲ. ಆಮೇಲೆ ಅಂತರ ಅಲ್ಲಿಯೇ ನಿಂತಿತು. ಮುಂದಿನ ವಾರ ಒಂದು ಬೆರಳು. ಅದರ ಮುಂದಿನ ವಾರವೂ ಒಂದು ಬೆರಳು. ನಾನು ಪುಣೆಗೆ ಬರೆದೆ. ವ್ಯಾಯಾಮ ಮುಂದುವರಿಸಿ ಎಂದು ಉತ್ತರ ಬಂತು. ಮುಂದುವರಿಸಿದೆವು. ಒಂದು ಬೆರಳು.

ಮಹಾನವಮಿಯ ಹೊತ್ತಿಗೆ ಕಾಕಾ ನನಗೆ ಹೇಳದೆ ಚೀಲಕ್ಕೆ ಇಮ್ಮಡಿ ಉಸುಕು ತುಂಬಿದರು. ಮಂಡಿ ಊದಿತು. ನಾನು ಹೋದಾಗ ಕಾಕು ಅದಕ್ಕೆ ಶಾಖ ಕೊಡುತ್ತಿದ್ದರು.

"ಯಾಕ್ರಿ ಕಾಕಾ ಹಿಂಗ ಮಾಡಿದ್ರಿ?"

"ಹಬ್ಬ ನಿಂದರೂದಿಲ್ಲಲ್ರಿ ಅಕ್ಕಾರ."

"ಕಾಲು ಈಗ ಗಟ್ಟಿ ಅನಸ್ತದೋ ಇಲ್ಲೋ?"

"ಕಾಲು ಗಟ್ಟಿ ಐತಿ. ದಾರ ಒಪ್ಪವಲ್ದು."

"ದಾರ ಬಿಡ್ರಿ."

"ದಾರ ಹ್ಯಾಂಗ ಬಿಡ್ಲಿ? ನಾ ಗಟ್ಟಿ ಆದ್ರ ಅಂತ ಅನ್ನಲಿಲ್ಲ, ಸಮ ಆದ್ರ ಅಂದೀನಿ. ಭಂಡಾರ ಮುಟ್ಟೀನಿ."

ಒಂದು ವಾರ ಚೀಲ ಕಟ್ಟುವುದನ್ನು ನಿಲ್ಲಿಸಿದೆವು. ಊತ ಇಳಿಯಿತು. ಅಂತರ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಇದು ನನಗೆ ವಿಚಿತ್ರವಾಗಿ ಕಂಡಿತು. ಬೆಳೆಯುತ್ತಿರುವ ಸ್ನಾಯು ಕೆಲಸ ಬಿಟ್ಟರೆ ಕೂಡಲೇ ಇಳಿಯತೊಡಗಬೇಕು. ಇದು ತನ್ನ ಜಾಗಕ್ಕೆ ಬಂದು ಕೂತಂತಿತ್ತು.

ಹಬ್ಬಕ್ಕೆ ಮೊದಲು ಉಣ್ಣೆ ಕತ್ತರಿಸುವ ದಿನ ಬಂತು. ಹೊರಡುವ ಮುಂಚೆ ಕುರಿಗಳನ್ನು ಹಳ್ಳದಲ್ಲಿ ಮೈತೊಳೆದು ಕತ್ತರಿ ಆಡಿಸುತ್ತಾರೆ. ಗಂಡಸರು ಧೋತರ ಮೇಲಕ್ಕೆ ಕಟ್ಟಿ, ಕುರಿಯನ್ನು ಮಂಡಿಗಳ ನಡುವೆ ಇರುಕಿ ಕೂರುತ್ತಾರೆ. ಅಂದು ನಾನು ಅಂಗಳದ ಕಡೆ ತಿರುಗಿ ಕೂತರೂ ಅಂಗಳವೆಲ್ಲ ಕಾಲುಗಳೇ.

ತಮ್ಮ ಒಂದು ಕುರಿ ಮುಗಿಸಿ ದಣಿವಾರಿಸಲು ಎದ್ದು ನಿಂತ. ಕೋಲನ್ನು ಕಂಕುಳಿಗೆ ಆನಿಸಿ, ಬಲಪಾದವನ್ನು ಎತ್ತಿ ಎಡಮಂಡಿಗೆ ಒತ್ತಿ, ಎಡಗಾಲಿನ ಮೇಲೆ ನಿಂತ. ಕುರಿ ಕಾಯುವವರು ಹೊಲದಲ್ಲಿ ಹಾಗೆ ನಿಲ್ಲುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಆದ್ದರಿಂದ ಎಂದೂ ನೋಡಿರಲಿಲ್ಲ. ಅವನ ಪಕ್ಕ ಅವರ ದಾಯಾದಿಯೊಬ್ಬ ನಿಂತಿದ್ದ. ಅವನೂ ಎಡಗಾಲಿನ ಮೇಲೆ. ಗೋಡೆಯ ಬಳಿ ಕಾಕಾ ಎದ್ದು ಕೋಲು ಆನಿಸಿ, ಮುರಿದಿದ್ದ ಕಾಲನ್ನು ಮೆಲ್ಲಗೆ ಎತ್ತಿ, ಅವರೂ ಹಾಗೆಯೇ ನಿಂತರು.

"ಕಾಕಾ, ನೀವು ಯಾವಾಗ್ಲೂ ಎಡಗಾಲ ಮ್ಯಾಲ ನಿಂದರ್ತೀರೇನು?"

"ಮತ್ತ ಯಾವ ಕಾಲ ಮ್ಯಾಲ ನಿಂದರಬೇಕ್ರಿ?"

"ಬಲಗಾಲ ಮ್ಯಾಲ ಎಂದೂ ನಿಂತಿಲ್ಲ?"

ಅವರು ಎತ್ತಿದ ಪಾದ ನೋಡಿಕೊಂಡರು. "ಅದು ಎತ್ತೂ ಕಾಲು," ಎಂದರು.

ನಾನು ಚೀಲದಿಂದ ದಾರದ ಉಂಡೆ ತೆಗೆದು, ತಮ್ಮನ ಕಾಲು ಅಳೆಯಬೇಕೆಂದು ಕಾಕುವಿಗೆ ಹೇಳಿದೆ. ಕಾಕು ಕೈ ಹಿಂದೆಗೆದು ಅವನ ಹೆಂಡತಿಯನ್ನು ಕೂಗಿದರು. ಅವಳು ನಾಚಿ, ನಕ್ಕು, ಅತ್ತೆಯ ಮುಖ ನೋಡಿ, ಒಪ್ಪಿದಳು.

"ನನ್ನ ಕಾಲ ಯಾಕ್ರಿ? ನಾ ಬಿದ್ದಿಲ್ಲಲ್ಲ," ಎಂದ ತಮ್ಮ.

"ಸುಮ್ನ ನಿಂದರ," ಎಂದಳು ಆಯಿ. "ಕುರಿ ಸೈತ ಇಷ್ಟು ಒದರೂದಿಲ್ಲ."

ನಾನು ಬೇವಿನ ಮರದ ಕಡೆ ತಿರುಗಿದೆ. ಬಲಗಾಲಿಗೆ ಹಳದಿ ದಾರ, ಎಡಗಾಲಿಗೆ ಬಿಳಿ. ಅವಳು ಎರಡನ್ನೂ ತಂದು ಕೊಟ್ಟಳು. ಜೋಡಿಸಿ ಹಿಡಿದೆ. ಹಳದಿ ದಾರ ಒಂದು ಬೆರಳಿಗಿಂತ ಜಾಸ್ತಿ ಗಿಡ್ಡವಿತ್ತು. ದಾಯಾದಿಯ ಹೆಂಡತಿಯೂ ಅಳೆದಳು. ಅಲ್ಲಿಯೂ ಹಳದಿ ದಾರವೇ ಗಿಡ್ಡ. ಯಾರ ಎಲುಬೂ ಮುರಿದಿರಲಿಲ್ಲ.

ಆಯಿ ಕಂಬಳಿಯೊಳಗಿಂದ ನಗತೊಡಗಿದಳು.

"ಎಲ್ಲಾರ್ನೂ ಕುದರಿ ಮ್ಯಾಲ ಹೇರ್ರಿ ಇನ್ನ. ಕುರಿ ತಾವ ಹೋಗ್ತಾವ."

ತಮ್ಮ ನಗಲಿಲ್ಲ. "ಹಂಗಾದ್ರೂ ಅಣ್ಣ ಮಾತ ಕೊಟ್ಟಾನ. ಸಮ ಅಂದಾನ."

"ಮೊದಲ ಹ್ಯಾಂಗಿತ್ತೋ ಹಂಗ ಆದ್ರ ಸಮ," ಎಂದಳು ಆಯಿ. "ಇಂವ ಹುಟ್ಟಿದಾಗಿಂದ ಹ್ಯಾಂಗ ನಿಂತಾನ ಅಂತ ದೇವರಿಗೆ ಗೊತ್ತಿಲ್ಲೇನು? ಕೊಟ್ಟ ಕಾಲಿಗಿಂತ ಹೆಚ್ಚಿಂದು ಅಂವ ಯಾಕ ಕೇಳ್ಯಾನು?"

"ಮೊದಲ ಹ್ಯಾಂಗಿತ್ತಂತ ಯಾರ ಅಳದಾರವ್ವಾ?" ಎಂದ ತಮ್ಮ.

ಇದು ಸರಿಯಾದ ಆಕ್ಷೇಪಣೆ. ಪುಣೆಯಲ್ಲಿ ನನ್ನನ್ನು ಪರೀಕ್ಷಿಸಿದವರೂ ಮುಂದೆ ಇದನ್ನೇ ಕೇಳಿದರು. ಬೀಳುವ ಮುಂಚಿನ ಕಾಕಾನ ತೊಡೆಯ ಅಳತೆ ಈ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ತಮ್ಮ ನನ್ನ ಕಡೆ ತಿರುಗಿದ.

"ಅಕ್ಕಾರ, ನೀವ ಹೇಳ್ರಿ. ಅಣ್ಣನ ಕಾಲು ಬರೋಬ್ಬರಿ ಐತೋ ಇಲ್ಲೋ? ನೀವು ಹೂಂ ಅಂದ್ರ ನನ್ನ ತಕರಾರಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ಕಾಕಾ ಮಾತ್ರ ನೋಡಲಿಲ್ಲ. ಕತ್ತರಿಯ ಅಲಗಿನಿಂದ ಉಣ್ಣೆಯ ಎಳೆ ಬಿಡಿಸುತ್ತಿದ್ದರು. ಎಳೆ ಯಾವಾಗಲೋ ಬಿಟ್ಟಿತ್ತು. ಬರೀ ಅಲಗು ಒರೆಸುತ್ತಿದ್ದರು.

ನನಗೆ ಆಗ ಹೊಳೆದ ಸಂಗತಿ ಎಂದರೆ, ನಾನು ಆ ಕಾಲನ್ನು ಇನ್ನೂ ನೋಡಿಯೇ ಇರಲಿಲ್ಲ. ಮಳೆಗಾಲವಿಡೀ ಅದರ ದಾರವನ್ನು ನೋಡಿದ್ದೆ.

"ನಿಮ್ಮ ಹಿಂಡಿನಾಗ ಭಾಳ ಜಗ್ಗ್ಯಾಡೂ ಟಗರು ಯಾವುದು?" ಎಂದು ಕೇಳಿದೆ.

ಅದರ ಬಗ್ಗೆ ಆ ಮನೆಯಲ್ಲಿ ಎರಡು ಅಭಿಪ್ರಾಯವಿರಲಿಲ್ಲ. ಟಗರನ್ನು ಹಿಡಿದು ತಂದರು. ಕಾಕಾ ಧೋತರ ಮೇಲಕ್ಕೆ ಕಟ್ಟಿ ಅದನ್ನು ಮಂಡಿಗಳ ನಡುವೆ ಇರುಕಿ ಕೂತರು. ನಾನು ಎದುರಿಗೆ ಬಂದು ನಿಂತೆ, ಮರದ ಕಡೆ ಬೆನ್ನು ಮಾಡಿ. ಜಗುಲಿಯಲ್ಲಿ ಯಾರೋ ಹೆಂಗಸು ಕೆಮ್ಮಿದಳು. ಟಗರು ಜಗ್ಗಿತು. ಬಲತೊಡೆಯ ಸ್ನಾಯು ಮಂಡಿಯ ಮೇಲೆ ಗಂಟಾಗಿ ಎದ್ದು ನಿಂತಿತು, ಅದರಾಚೆ ಒಳಮಗ್ಗುಲಿನದೂ ಬಿಗಿಯಿತು. ನಾನು ಕಾಯುತ್ತಿದ್ದುದು ನಡುಕಕ್ಕೆ. ದಣಿದ ಸ್ನಾಯು ಮೊದಲು ಸಣ್ಣಗೆ ನಡುಗುತ್ತದೆ. ಕಪ್ಪೆಗಳು ನನಗೆ ಕಲಿಸಿದ್ದು ಮುಖ್ಯವಾಗಿ ಅದನ್ನೇ. ಟಗರಿನ ಮೈಯ ಒಂದು ಮಗ್ಗುಲು ಬೋಳಾಯಿತು, ಇನ್ನೊಂದು ಮಗ್ಗುಲೂ ಆಯಿತು. ನಡುಕ ಬರಲಿಲ್ಲ. ನಡುಗುತ್ತಿದ್ದುದು ಟಗರು.

ಆಮೇಲೆ ಒಂದು ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳದ ದಂಡೆ ಇಳಿದು ಹತ್ತಿ ಬರಲು ಹೇಳಿದೆ. ಹತ್ತುವಾಗ ಬಲಗಾಲು ಮುಂದಿಟ್ಟರು. ನಾನು ಹೇಳಿರಲಿಲ್ಲ. ಮೇಲೆ ಬಂದು ಕುರಿ ಇಳಿಸಿ ನನ್ನ ಮುಂದೆ ನಿಂತರು. ಎರಡೂ ಕಾಲಿನ ಮೇಲೆ ನಿಂತದ್ದನ್ನು ಅಂದೇ ಮೊದಲು ಕಂಡೆ.

"ಕಾಕಾ, ನೀವು ಮುಂದ ನಡೀರಿ," ಎಂದೆ. "ಆದ್ರ ಒಂದು ಮಾತು. ದಣದು ನಿಂತಾಗ ಬಲಗಾಲ ಮ್ಯಾಲ ನಿಂದರಬೇಕು. ಎಡಗಾಲು ಎತ್ತಬೇಕು."

"ಹಂಗ ನಿಂತ್ರ ಕುರಿ ನನ್ನ ಗುರ್ತ ಹಿಡೀತಾವೇನ್ರಿ?"

"ಒದರ್ರಿ. ಧ್ವನಿ ಅದೇ ಐತೆಲ್ಲ."

ತಮ್ಮ ತನ್ನ ಹಳದಿ ದಾರವನ್ನು ನನ್ನ ಕೈಯಿಂದ ಇಸಿದುಕೊಂಡು ಮತ್ತೊಮ್ಮೆ ಬಿಳಿಯದರ ಜೊತೆ ಹಿಡಿದು ನೋಡಿದ. ಎರಡನ್ನೂ ಜೇಬಿಗೆ ಹಾಕಿಕೊಂಡ. "ಭಾಳ ಫರಕ ಐತಿ ನಂದು," ಎಂದ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ನನಗೆ ಅನ್ನಿಸಿತು.

ಆ ವರ್ಷದ ಕೆಲಸವನ್ನು ಪುಣೆಗೆ ಒಯ್ದಾಗ ನನ್ನ ಮಾರ್ಗದರ್ಶಕರು ಬಹಳ ಹೊತ್ತು ಓದಿದರು. ಗಾಯವಾಗದ ಕಾಲನ್ನು ಗಾಯವಾದ ಕಾಲಿಗೆ ಅಳತೆಗೋಲು ಮಾಡುವುದು ಎಲ್ಲರ ರೂಢಿ. ಮನುಷ್ಯನ ಎರಡು ಕಾಲು ಮೊದಲೇ ಸಮವಿರಬೇಕಾಗಿಲ್ಲ, ಅವನ ಕೆಲಸ ಯಾವುದೆಂದು ಕೇಳಿಯೇ ಅಳೆಯಬೇಕು ಎಂದು ನಾನು ಬರೆದಿದ್ದೆ. ನಿಲ್ಲುವ ರೀತಿಯೊಂದೇ ಕಾರಣವೆಂದು ಬರೆಯಲು ಆಧಾರ ಸಾಲದು, ಇನ್ನಷ್ಟು ಕುರುಬರನ್ನು ಅಳೆದು ಬಾ ಎಂದರು. ಜಾಗ ಕೊಟ್ಟರು. ಉಪಕರಣ ಯಾವುದು ಬಳಸಿದೆ ಎಂದು ಕೇಳಿದಾಗ ದಾರ ಎಂದೆ. ಅವರು ಅದನ್ನು ಹೊಡೆದು ಹಾಕಿ ಅಳತೆಪಟ್ಟಿ ಎಂದು ಬರೆದರು. ಆಮೇಲಿನ ವರ್ಷಗಳೆಲ್ಲ ದರಿಬಡಚಿ, ಅಸಂಗಿ ಊರುಗಳ ಕಡೆಗೆ ಅದೇ ಕೆಲಸದಲ್ಲಿ ಓಡಾಡಿದ್ದೇನೆ. ಅಳೆಯುವುದಕ್ಕೆ ಈಗಲೂ ಅವರವರ ಹೆಂಡತಿಯರೇ ಬೇಕು. ಆದರೆ ನೋಡುವ ಕೆಲಸವನ್ನು ನಾನೇ ಮಾಡುತ್ತೇನೆ. ಅವ್ವ ಮಾತ್ರ ಇನ್ನೂ ಗುಳಿಗೆ ಕೊಡುವುದಿಲ್ಲವೆಂದೇ ಹೇಳುತ್ತಾಳೆ.

ಹಿಂಡು ಹೊರಟದ್ದು ಹಬ್ಬದ ಮರುದಿನ ಬೆಳಿಗ್ಗೆ. ನಮ್ಮ ಹೊಲದ ಬದುವಿನ ಮೇಲೆ ನಿಂತು ನಾನು ಮತ್ತು ಅಪ್ಪ ನೋಡಿದೆವು. ಕಾಕಾ ಮುಂದೆ, ಕೋಲನ್ನು ಹೆಗಲಿಗೆ ಅಡ್ಡ ಹಾಕಿಕೊಂಡು. ಕೂಗಿದರು. ಬೋಳು ಮೈಯ ಕುರಿಗಳೆಲ್ಲ ಆ ಕೂಗಿನ ಕಡೆ ತಿರುಗಿ ನಡೆದವು. ಏರಿನ ಮೇಲೆ ಹಿಂದಿನವರು ಬರಲೆಂದು ಅವರು ನಿಂತರು. ಕೋಲು ಆನಿಸಿ ಬಲಪಾದ ಎತ್ತಿ ಎಡಮಂಡಿಗೆ ಒತ್ತಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಕಾಲು ಇಳಿಸಿ, ಇನ್ನೊಂದನ್ನು ಎತ್ತಿದರು. ಹೊಸ ಕಾಲಿನ ಮೇಲೆ ತುಸು ಓಲಾಡಿ ಸ್ಥಿರವಾದರು.

"ಏನ ಮಾಡಾಕತ್ತಾನ ಅಂವ?" ಎಂದರು ಅಪ್ಪ.

"ಅಭ್ಯಾಸ," ಎಂದೆ.

ಕೊನೆಗೆ ಕುದುರೆಗಳು ಹೋದವು. ಆಯಿ ತನ್ನ ಕಾಲಿನ ಮೇಲೆಯೇ ನಡೆದು ಹೋದಳು. ದಪ್ಪನೆಯ ಹೊಸ ಗಾದಿಯ ಮೇಲೆ ಕೋಳಿಗಳನ್ನು ಕೂರಿಸಿದ್ದರು.